ನಮ್ಮ ಮನೆಯ ಡಾಕ್ಟರು ಎಲ್ಲಿಗೆ ಹೋದರು?

ತಲಪಾಡಿಯಿಂದ ಸುರತ್ಕಲ್ಲಿನವರೆಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಮ್ಮೆ ಪ್ರಯಾಣಿಸಿದವರಿಗೆ ಇಕ್ಕೆಲಗಳ ಆಸ್ಪತ್ರೆ ಫಲಕಗಳನ್ನು ನೋಡದೆ ಇರುವುದು ಸಾಧ್ಯವಿಲ್ಲ. ಮೊಣಕಾಲಿಗೊಂದು, ಹೃದಯಕ್ಕೊಂದು, ಮೂತ್ರಪಿಂಡಕ್ಕೊಂದು, ಬೆನ್ನುಹುರಿಗೊಂದು ಎಂಬಂತೆ ಶರೀರದ ಒಂದೊಂದು ಭಾಗಕ್ಕೂ ಒಬ್ಬೊಬ್ಬ ತಜ್ಞರ ಭಾವಚಿತ್ರ ಅಲ್ಲಿ ರಾರಾಜಿಸುತ್ತಿದೆ. ಇಡೀ ಮನುಷ್ಯನನ್ನು ನೋಡಿಕೊಳ್ಳುವ ವೈದ್ಯರ ಫಲಕ ಮಾತ್ರ ನಮ್ಮ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ. ಅರ್ಧ ಡಜನಿಗೂ ಮಿಕ್ಕಿದ ವೈದ್ಯಕೀಯ ಕಾಲೇಜುಗಳಿರುವ ದಕ್ಷಿಣ ಕನ್ನಡದಲ್ಲಿ ವೈದ್ಯರ ಅಭಾವವಿದೆ ಎಂದರೆ ಹೊರಜಿಲ್ಲೆಯವರು ನಕ್ಕಾರು. ಆದರೆ ರಾತ್ರಿ ಹತ್ತು ಗಂಟೆಗೆ ವೃದ್ಧ ತಾಯಿಗೆ ತಲೆಸುತ್ತು ಬಂದಾಗ, 'ಏನು ಮಾಡಲಿ ಡಾಕ್ಟರೇ?' ಎಂದು ಕೇಳಲು ಪರಿಚಯದ ಒಬ್ಬ ವೈದ್ಯರಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿವೆ ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಐವತ್ತು ದಾಟಿದ ಓದುಗರಿಗೆ ಒಂದು ಕಾಲದ ನೆನಪಿರಬೇಕು. ಪೇಟೆಯ ಮೂಲೆಯಲ್ಲೊಂದು ಸಣ್ಣ ಕ್ಲಿನಿಕ್ಕು, ಹೊರಗೆ ಮರದ ಬೆಂಚು, ಒಳಗೆ ಪರದೆಯ ಹಿಂದೆ ಡಾಕ್ಟರು. ಕಂಪೌಂಡರ್ ಕಲಸಿ ಕೊಡುತ್ತಿದ್ದ ಕೆಂಪು ಮಿಕ್ಸ್ಚರಿನ ಬಾಟಲಿಗೆ ಕಾಗದವನ್ನು ಕತ್ತರಿಸಿ ಅಂಟಿಸಿದ ಅಳತೆಯ ಗುರುತು. ಮನೆಯಲ್ಲಿ ಯಾರಾದರೂ ಏಳಲಾರದೆ ಮಲಗಿದರೆ ಚರ್ಮದ ಚೀಲವನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ಅವರೇ ಬರುತ್ತಿದ್ದರು. ಫೀಸು ಕೊಡಲಾಗದವರ ಮನೆಯಿಂದ ಬಸಳೆಯ ಕಟ್ಟು ಹೋಗುತ್ತಿತ್ತು. ಕ್ರಿಸ್ಮಸಿಗೆ ಕುಸ್ವಾರಿನ ತಟ್ಟೆ ತಪ್ಪದೆ ತಲಪುತ್ತಿತ್ತು. ಆ ಡಾಕ್ಟರಿಗೆ ಅಜ್ಜ ತೀರಿಕೊಂಡದ್ದು ಸಕ್ಕರೆ ಕಾಯಿಲೆಯಿಂದ ಎಂದು ಗೊತ್ತಿತ್ತು, ಮಳೆ ಹಿಡಿದರೆ ತಾಯಿಗೆ ದಮ್ಮು ಎಂದು ಗೊತ್ತಿತ್ತು, ಮನೆಯ ಹಿರಿಯ ಮಗ ಕುಡಿಯುತ್ತಾನೆ ಎಂಬುದೂ ಗೊತ್ತಿತ್ತು. ಅವರೆಲ್ಲರೂ ಧನ್ವಂತರಿಗಳಾಗಿದ್ದರು ಎಂದು ನಾವು ಹೇಳಲಾರೆವು. ಜ್ವರ ಬಂದವರಿಗೆಲ್ಲ ಒಂದು ಸೂಜಿ ಚುಚ್ಚಿ ಕಳುಹಿಸಿದವರೂ, ಓದು ಮುಗಿದ ಮೇಲೆ ಹೊಸ ಪುಸ್ತಕವನ್ನೇ ತೆರೆಯದವರೂ ಅವರಲ್ಲಿದ್ದರು. ಆದ್ದರಿಂದ 'ಹಳೆಯದೆಲ್ಲ ಹೊನ್ನು' ಎಂಬ ಹಾಡನ್ನು ಹಾಡುವುದು ಈ ಲೇಖನದ ಉದ್ದೇಶವಲ್ಲ.

ಈ ವಿಷಯವನ್ನು ಎತ್ತಿಕೊಳ್ಳಲು ನಮ್ಮನ್ನು ಪ್ರೇರೇಪಿಸಿದ ಘಟನೆಯೊಂದಿದೆ. ನಮ್ಮ ವಾರ್ಡಿನ ಹಿರಿಯರೊಬ್ಬರು ಒಂದು ಮುಂಜಾವ ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಮಕ್ಕಳಿಬ್ಬರೂ ಕೊಲ್ಲಿ ರಾಷ್ಟ್ರಗಳಲ್ಲಿ; ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದ ಮೇಲೆ ನಾವು ಕೆಲವರು ನೋಡಲು ಹೋದೆವು. ಜೊತೆಗೆ ದಾದಿಯಾಗಿ ದುಡಿದು ನಿವೃತ್ತರಾದ ಧರ್ಮಭಗಿನಿಯೊಬ್ಬರಿದ್ದರು. ಅವರು ಸುಮ್ಮನೆ ಕುಳಿತುಕೊಳ್ಳುವ ಜಾಯಮಾನದವರಲ್ಲ. ಮೇಜಿನ ಮೇಲಿದ್ದ ಮದ್ದಿನ ಪ್ಲಾಸ್ಟಿಕ್ ಚೀಲವನ್ನು ಮಂಚದ ಮೇಲೆ ಸುರಿದು, ಕನ್ನಡಕವನ್ನು ಮೇಲಕ್ಕೇರಿಸಿ ಒಂದೊಂದೇ ಪಟ್ಟಿಯನ್ನು ಓದತೊಡಗಿದರು. ಹೃದಯ ತಜ್ಞರು ಬರೆದದ್ದು, ಮಧುಮೇಹದ ತಜ್ಞರು ಬರೆದದ್ದು, ಮೂತ್ರದ ತೊಂದರೆಗೆ ಇನ್ನೊಬ್ಬರು ಬರೆದದ್ದು, ಎಲ್ಲ ಸೇರಿ ಹನ್ನೊಂದು ಬಗೆ. ಅದರಲ್ಲಿ ಎರಡು ಪಟ್ಟಿಗಳನ್ನು ಅವರು ಪ್ರತ್ಯೇಕವಾಗಿ ತೆಗೆದಿಟ್ಟರು.

'ಬಾಯಿ, ಇವೆರಡೂ ರಕ್ತದೊತ್ತಡದ ಒಂದೇ ಮದ್ದು. ಕಂಪೆನಿಯ ಹೆಸರು ಮಾತ್ರ ಬೇರೆ.'

'ಎರಡನ್ನೂ ಬರೆದುಕೊಟ್ಟದ್ದು ದೊಡ್ಡ ದೊಡ್ಡ ಡಾಕ್ಟರರೇ ಅಲ್ಲವೇ ಸಿಸ್ಟರ್?' ಎಂದರು ಆ ಮನೆಯಾಕೆ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮೂವರು ವೈದ್ಯರೂ ತಮ್ಮ ತಮ್ಮ ವಿಷಯದಲ್ಲಿ ನುರಿತವರು. ಯಾರೂ ತಮ್ಮ ಮಟ್ಟಿಗೆ ತಪ್ಪು ಮಾಡಿದವರಲ್ಲ. ಒಬ್ಬರು ಬರೆದದ್ದು ಮತ್ತೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೆ. ಎದ್ದು ನಿಂತೊಡನೆ ರಕ್ತದೊತ್ತಡ ಕುಸಿದೇ ಅವರು ಬಿದ್ದರು ಎಂದು ಖಚಿತವಾಗಿ ಹೇಳಲು ನಾವು ವೈದ್ಯರಲ್ಲ. ಆದರೆ ಹನ್ನೊಂದು ಮದ್ದುಗಳನ್ನೂ ಒಟ್ಟಿಗೆ ಒಮ್ಮೆ ನೋಡುವ ಹೊಣೆ ಯಾರದ್ದಾಗಿತ್ತು ಎಂಬ ಪ್ರಶ್ನೆಗೆ ಆ ದಿನ ಆ ಕೋಣೆಯಲ್ಲಿದ್ದ ಯಾರಲ್ಲಿಯೂ ಉತ್ತರವಿರಲಿಲ್ಲ.

ಕುಟುಂಬ ವೈದ್ಯರು ಇಲ್ಲವಾದದ್ದು ಬರಿಯ ಭಾವನೆಯ ನಷ್ಟವೋ, ಅಥವಾ ಅದಕ್ಕೆ ನಾವು ಆಯುಷ್ಯದ ಬೆಲೆ ತೆರುತ್ತಿದ್ದೇವೆಯೋ? ಈ ಪ್ರಶ್ನೆಯನ್ನು ಅಳೆದು ನೋಡಿದ ಸಂಶೋಧನೆಗಳು ಈಚಿನ ವರ್ಷಗಳಲ್ಲಿ ಒಂದರ ಮೇಲೊಂದು ಪ್ರಕಟವಾಗಿವೆ. ನಮ್ಮ ಪತ್ರಿಕೆಗಳು ರೋಬಾಟ್ ಶಸ್ತ್ರಚಿಕಿತ್ಸೆಗೆ ಕೊಟ್ಟ ಜಾಗದ ಹತ್ತನೆಯ ಒಂದಂಶವನ್ನೂ ಇವುಗಳಿಗೆ ಕೊಟ್ಟಿಲ್ಲ.

ಇವುಗಳಲ್ಲಿ ಅತ್ಯಂತ ದೊಡ್ಡದು ನಾರ್ವೆ ದೇಶದ್ದು. 2001ರಿಂದ ಆ ದೇಶದಲ್ಲಿ ಪ್ರತಿಯೊಬ್ಬ ನಿವಾಸಿಯ ಹೆಸರೂ ಒಬ್ಬ ನಿಶ್ಚಿತ ಸಾಮಾನ್ಯ ವೈದ್ಯರ ಪಟ್ಟಿಯಲ್ಲಿ ದಾಖಲಾಗುವ ವ್ಯವಸ್ಥೆಯಿದೆ. ಬೇಡವೆನಿಸಿದರೆ ವೈದ್ಯರನ್ನು ಬದಲಾಯಿಸಬಹುದು. ಆದರೆ ಒಂದು ಹೊತ್ತಿನಲ್ಲಿ ಒಬ್ಬರೇ. ಹೀಗಾಗಿ ಯಾರು ಎಷ್ಟು ವರ್ಷ ಒಬ್ಬರೇ ವೈದ್ಯರ ಬಳಿ ಇದ್ದಾರೆ ಎಂಬುದು ಸರಕಾರದ ದಾಖಲೆಯಲ್ಲಿಯೇ ಇದೆ. ಬರ್ಗೆನ್ ನಗರದ ಸಂಶೋಧಕರು ಸುಮಾರು 45 ಲಕ್ಷ ಜನರ 2018ರ ಮಾಹಿತಿಯನ್ನು ಪರಿಶೀಲಿಸಿ, ಬ್ರಿಟನ್ನಿನ ಸಾಮಾನ್ಯ ವೈದ್ಯರ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವೈದ್ಯರ ಪರಿಚಯ ಒಂದು ವರ್ಷದ್ದಷ್ಟೇ ಆಗಿರುವವರೊಡನೆ ಹೋಲಿಸಿದರೆ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ವೈದ್ಯರ ಬಳಿ ಇದ್ದವರು ಆ ವರ್ಷ ಮರಣ ಹೊಂದುವ ಸಂಭವ ಶೇಕಡಾ 25ರಷ್ಟು ಕಡಿಮೆಯಿತ್ತು. ತುರ್ತಾಗಿ ಆಸ್ಪತ್ರೆಗೆ ಸೇರುವ ಸಂಭವ ಶೇಕಡಾ 28ರಷ್ಟು, ರಾತ್ರಿ ಅಥವಾ ರಜಾದಿನ ತುರ್ತು ಚಿಕಿತ್ಸೆಗೆ ಓಡುವ ಸಂಭವ ಶೇಕಡಾ 30ರಷ್ಟು ಕಡಿಮೆಯಿದ್ದವು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಎರಡು ಮೂರು ವರ್ಷಗಳ ಪರಿಚಯದಲ್ಲಿಯೇ ಪ್ರಯೋಜನ ಕಾಣತೊಡಗಿ, ವರ್ಷ ಕಳೆದಂತೆಲ್ಲ ಅದು ಹೆಚ್ಚುತ್ತಾ ಹೋಗಿತ್ತು.

ಒಂದು ಹೊಸ ಮಾತ್ರೆ ಮರಣವನ್ನು ಕಾಲುಭಾಗ ತಗ್ಗಿಸುತ್ತದೆ ಎಂದಿದ್ದರೆ ಜಗತ್ತಿನ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಬರೆಯುತ್ತಿದ್ದವು, ಆ ಮಾತ್ರೆಯ ಕಂಪೆನಿಯ ಷೇರು ಆಕಾಶಕ್ಕೇರುತ್ತಿತ್ತು. ಪರಿಚಯದ ವೈದ್ಯರನ್ನು ಯಾವ ಕಂಪೆನಿಯೂ ತಯಾರಿಸುವುದಿಲ್ಲವಾದ್ದರಿಂದ ಅದು ಸುದ್ದಿಯಾಗಲಿಲ್ಲವೋ ಏನೋ.

ನಾರ್ವೆಯದು ಒಂಟಿ ಸ್ವರವಲ್ಲ. 2017ರಲ್ಲಿ ಇಂಗ್ಲೆಂಡಿನಲ್ಲಿ 62ರಿಂದ 82 ವರ್ಷ ವಯಸ್ಸಿನ 2,30,472 ಮಂದಿಯ ದಾಖಲೆಗಳನ್ನು ನೋಡಿದಾಗ, ಒಬ್ಬರೇ ವೈದ್ಯರನ್ನು ಹೆಚ್ಚಾಗಿ ಕಂಡವರು ಆಸ್ಪತ್ರೆಗೆ ದಾಖಲಾಗುವುದು ಕಡಿಮೆಯೆಂದು ತಿಳಿದುಬಂತು. ಕ್ಲಿನಿಕ್ಕಿನಲ್ಲಿಯೇ ಸಕಾಲಕ್ಕೆ ನೋಡಿಕೊಂಡಿದ್ದರೆ ಆಸ್ಪತ್ರೆಯವರೆಗೆ ಹೋಗದೆ ಇರುತ್ತಿದ್ದ ಕಾಯಿಲೆಗಳ ಲೆಕ್ಕವಿದು. ಮರುವರ್ಷ, 2018ರಲ್ಲಿ, ಬೇರೆ ಬೇರೆ ದೇಶಗಳ 22 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಬ್ರಿಟಿಷ್ ವೈದ್ಯರ ತಂಡವೊಂದು, ಅವುಗಳಲ್ಲಿ 18 ಅಧ್ಯಯನಗಳು ವೈದ್ಯ-ರೋಗಿಯರ ನಿರಂತರ ಸಂಬಂಧವಿದ್ದಲ್ಲಿ ಮರಣ ಕಡಿಮೆ ಎಂದೇ ಹೇಳುತ್ತವೆಂದು ವರದಿ ಮಾಡಿತು.

ಅಂಕೆಗಳನ್ನು ಬದಿಗಿಟ್ಟು ಒಬ್ಬ ಮನುಷ್ಯನ ಕಥೆಯನ್ನು ಹೇಳುವುದು ಇಲ್ಲಿ ಅವಶ್ಯ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಣಿವೆಯೊಂದರಲ್ಲಿ ಗ್ಲಿನ್‌ಕೊರುಗ್ ಎಂಬ ಕಲ್ಲಿದ್ದಲು ಕಾರ್ಮಿಕರ ಹಳ್ಳಿಯಿದೆ. ಸುಮಾರು ಎರಡು ಸಾವಿರ ಜನವಸತಿಯ ಆ ಹಳ್ಳಿಗೆ 1961ರಲ್ಲಿ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್ ಬಂದು ನೆಲೆಸಿದರು. ಅವರು ಕಟ್ಟಾ ಕಮ್ಯೂನಿಸ್ಟರು. ಆ ಪಕ್ಷದಿಂದ ಚುನಾವಣೆಗೂ ನಿಂತವರು. ಈ ಅಂಕಣದ ಓದುಗರಲ್ಲಿ ಕೆಲವರು ಇಲ್ಲಿಗೆ ಹುಬ್ಬು ಗಂಟಿಕ್ಕಿಯಾರು; ಆದರೆ ಬಡವರ ಸೇವೆ ನಮ್ಮೊಬ್ಬರ ಗುತ್ತಿಗೆಯಲ್ಲವಷ್ಟೆ. ಕಾಯಿಲೆ ಬಿದ್ದು ತಮ್ಮಲ್ಲಿಗೆ ಬಂದವರನ್ನು ಮಾತ್ರ ನೋಡಿದರೆ ಸಾಲದು, ಬಾರದವರನ್ನೂ ಹುಡುಕಿ ನೋಡಬೇಕು ಎಂಬುದು ಹಾರ್ಟ್ ಅವರ ನಿಲುವು. ಆದ್ದರಿಂದ ತಮ್ಮ ಪಟ್ಟಿಯಲ್ಲಿದ್ದ ಪ್ರತಿಯೊಬ್ಬ ವಯಸ್ಕನ ರಕ್ತದೊತ್ತಡವನ್ನೂ ಅಳೆಯಲು ತೊಡಗಿದರು. ತನ್ನ ರೋಗಿಗಳೆಲ್ಲರ ರಕ್ತದೊತ್ತಡವನ್ನು ಹೀಗೆ ಕ್ರಮವಾಗಿ ಅಳೆದ ಮೊತ್ತಮೊದಲ ವೈದ್ಯರೆಂಬ ಕೀರ್ತಿ ಅವರದು. ಹೆಚ್ಚಿದ್ದವರನ್ನು ಬಿಡದೆ ಹಿಂಬಾಲಿಸಿದರು, ಧೂಮಪಾನಿಗಳೊಡನೆ ವರ್ಷಗಟ್ಟಲೆ ವಾದಿಸಿದರು, ಎಲ್ಲವನ್ನೂ ಬರೆದಿಟ್ಟರು. ಇಪ್ಪತ್ತೈದು ವರ್ಷಗಳ ಈ ದುಡಿಮೆಯ ಲೆಕ್ಕವನ್ನು 1991ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಒಪ್ಪಿಸಿದಾಗ ಕಂಡದ್ದೇನೆಂದರೆ, ಅಷ್ಟೇ ಬಡತನದ ನೆರೆಯ ಗಣಿಹಳ್ಳಿಗೆ ಹೋಲಿಸಿದರೆ ಗ್ಲಿನ್‌ಕೊರುಗ್‌ನಲ್ಲಿ ಅಕಾಲ ಮರಣಗಳು ಕಾಲುಭಾಗಕ್ಕೂ ಹೆಚ್ಚು ಕಡಿಮೆಯಾಗಿದ್ದವು. ಅಲ್ಲಿ ದೊಡ್ಡ ಆಸ್ಪತ್ರೆ ಎದ್ದಿರಲಿಲ್ಲ. ಒಬ್ಬ ವೈದ್ಯ, ಕೆಲವು ಸಹಾಯಕರು, ರಕ್ತದೊತ್ತಡ ಅಳೆಯುವ ಉಪಕರಣ ಮತ್ತು ದಾಖಲೆಯ ಕಡತಗಳು. ಇಷ್ಟೇ ಅಲ್ಲಿನ ಬಂಡವಾಳ.

ಇದೇ ಹಾರ್ಟ್ 1971ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನವೊಂದು ಇಂದಿಗೂ ವೈದ್ಯಲೋಕದಲ್ಲಿ ಚರ್ಚೆಯಲ್ಲಿದೆ. ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಅತಿ ಕಡಿಮೆ ದೊರೆಯುತ್ತದೆ, ಚಿಕಿತ್ಸೆಯನ್ನು ಮಾರುಕಟ್ಟೆಗೆ ಬಿಟ್ಟಷ್ಟೂ ಈ ವೈಪರೀತ್ಯ ಹೆಚ್ಚುತ್ತದೆ ಎಂಬುದು ಅದರ ತಿರುಳು. ಹೆದ್ದಾರಿಯ ಬದಿಗೆ ತಜ್ಞರ ಸಾಲು, ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಖಾಲಿ ಕುರ್ಚಿ ಎಂಬ ನಮ್ಮ ಪರಿಸ್ಥಿತಿಯನ್ನು ಕಂಡೇ ಅವರು ಬರೆದರೋ ಎಂಬಷ್ಟು ಅದು ನಮಗೆ ಒಪ್ಪುತ್ತದೆ.

ಪರಿಚಯದ ವೈದ್ಯರಿಂದ ಆಯುಷ್ಯ ಹೆಚ್ಚುವುದು ಹೇಗೆ? ಇದರಲ್ಲಿ ಪವಾಡವೇನೂ ಇಲ್ಲ. ರೋಗಿಯ ಹಿಂದಿನ ಚರಿತ್ರೆ ವೈದ್ಯರ ತಲೆಯಲ್ಲಿಯೇ ಇರುವುದರಿಂದ ಹೊಸ ಲಕ್ಷಣ ಕಂಡೊಡನೆ 'ಇದು ಇವರ ಎಂದಿನ ಗ್ಯಾಸ್ಟ್ರಿಕ್ ಅಲ್ಲ' ಎಂಬ ಸಂಶಯ ಅವರಿಗೆ ಮೊದಲೇ ಮೂಡುತ್ತದೆ. ನಂಬಿಕೆಯಿರುವುದರಿಂದ ರೋಗಿ ಮುಚ್ಚಿಡುವುದಿಲ್ಲ. ಮದ್ದು ನಿಲ್ಲಿಸಿದ್ದನ್ನೂ, ಕುಡಿತವನ್ನೂ, ರಾತ್ರಿಯ ಅಳುವನ್ನೂ ಹೇಳಿಕೊಳ್ಳುತ್ತಾನೆ. ನಮ್ಮ ಹೆಂಗಸರು ಸ್ತನದಲ್ಲಿ ಗಂಟು ಕಂಡರೂ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇರುವುದಕ್ಕೆ ಅಪರಿಚಿತರ ಮುಂದೆ ಹೇಳುವ ಸಂಕೋಚವೇ ಅರ್ಧ ಕಾರಣವೆಂಬುದು ಎಲ್ಲರಿಗೂ ತಿಳಿದದ್ದೆ. ಇನ್ನೊಂದು ಕಾರಣ ವೈದ್ಯರ ಕಡೆಯದು: 'ಇವರು ನನ್ನವರು' ಎಂಬ ಹೊಣೆ. ಚೀಟಿ ಬರೆದು ಕಳುಹಿಸಿದ ರೋಗಿಯನ್ನು ಮತ್ತೆ ಇಗರ್ಜಿಯಲ್ಲೋ ಮೀನು ಮಾರುಕಟ್ಟೆಯಲ್ಲೋ ಎದುರುಗೊಳ್ಳಬೇಕಾದ ವೈದ್ಯರು ಮಾಡುವ ಚಿಕಿತ್ಸೆಗೂ, ಮತ್ತೊಮ್ಮೆ ಮುಖ ನೋಡಲಿಕ್ಕಿಲ್ಲದ ವೈದ್ಯರು ಮಾಡುವ ಚಿಕಿತ್ಸೆಗೂ ಅಂತರವಿದ್ದೇ ಇದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಅಧ್ಯಯನಗಳೆಲ್ಲ ಇರುವುದನ್ನು ನೋಡಿ ಬರೆದವು, ಪ್ರಯೋಗ ನಡೆಸಿ ಸಾಧಿಸಿದವಲ್ಲ. ಒಂದೇ ಊರಿನಲ್ಲಿ ನೆಲೆಯಾಗಿ ಬಾಳುವವರು ಮೊದಲೇ ಹೆಚ್ಚು ಆರೋಗ್ಯವಂತರಾಗಿರಬಹುದು. ಅಂಥವರೇ ವೈದ್ಯರನ್ನೂ ಬದಲಾಯಿಸದವರಾಗಿರಬಹುದು. ನಾರ್ವೆಯ ಸಂಶೋಧಕರು ವಯಸ್ಸು, ಶಿಕ್ಷಣ, ಇತರ ಕಾಯಿಲೆಗಳು ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೂ ಈ ಸಂಶಯ ಪೂರ್ತಿಯಾಗಿ ಕಳೆಯುವುದಿಲ್ಲ. ಅಲ್ಲದೆ ನಾರ್ವೆ ಶ್ರೀಮಂತ ದೇಶ. ಅಲ್ಲಿನ ಸಾಮಾನ್ಯ ವೈದ್ಯರು ಅದಕ್ಕೆಂದೇ ವರ್ಷಗಟ್ಟಲೆ ತರಬೇತಿ ಪಡೆದವರು. ಅಲ್ಲಿನ ಶೇಕಡಾ 25ನ್ನು ತಂದು ಇಲ್ಲಿ ಅಂಟಿಸಲಾಗದು. ಆದರೂ ಹವಾಮಾನವೂ ಹಣಬಲವೂ ಬೇರೆ ಬೇರೆಯಾಗಿರುವ ಹಲವು ದೇಶಗಳ ಉತ್ತರ ಒಂದೇ ದಿಕ್ಕಿಗೆ ಬೆರಳು ತೋರುವಾಗ ಅದನ್ನು ಕಡೆಗಣಿಸುವುದು ಜಾಣತನವಲ್ಲ.

ನಮ್ಮ ಕಾಯಿಲೆಗಳ ಸ್ವರೂಪವೂ ಇದೇ ಮಾತನ್ನು ಹೇಳುತ್ತದೆ. ಹಿಂದೆ ಜ್ವರ, ವಾಂತಿಭೇದಿ, ಹೆರಿಗೆಯ ತೊಡಕುಗಳು ಮನೆಗಳನ್ನು ಬರಿದು ಮಾಡುತ್ತಿದ್ದವು. ಇಂದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಪ್ರಕಟಿಸಿದ ಬೃಹತ್ ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. ವಯಸ್ಕರಲ್ಲಿ ಮೂರನೇ ಒಂದಂಶಕ್ಕೂ ಹೆಚ್ಚು ಜನರ ರಕ್ತದೊತ್ತಡ ಮಿತಿಮೀರಿದೆ. ಇವು ಒಂದು ಬಾರಿ ಶಸ್ತ್ರಚಿಕಿತ್ಸೆ ಮಾಡಿ ಕೈತೊಳೆದುಕೊಳ್ಳುವ ಕಾಯಿಲೆಗಳಲ್ಲ. ಮದುವೆಯ ಉಂಗುರದಂತೆ ಜೀವಾವಧಿ ಜೊತೆಗಿರುವಂಥವು. ಮೂವತ್ತು ವರ್ಷ ಇರುವ ಕಾಯಿಲೆಗೆ ಮೂರು ತಿಂಗಳಿಗೊಬ್ಬ ವೈದ್ಯರು ಎಂದರೆ ಹೇಗೆ?

ಇದಕ್ಕೆ ದುಬಾರಿ ಏರ್ಪಾಡು ಬೇಕಿಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 2017ರ ಕೊನೆಗೆ ಕೇರಳ, ಮಹಾರಾಷ್ಟ್ರ, ತೆಲಂಗಾಣ, ಪಂಜಾಬ್, ಮಧ್ಯಪ್ರದೇಶಗಳ 25 ಜಿಲ್ಲೆಗಳಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣ ಯೋಜನೆಯಲ್ಲಿ ಎಲ್ಲ ಸರಕಾರಿ ಕೇಂದ್ರಗಳಿಗೂ ಒಂದೇ ಸರಳ ಚಿಕಿತ್ಸಾ ಕ್ರಮ, ಮುರಿಯದ ಮದ್ದಿನ ಪೂರೈಕೆ, ಮನೆಯ ಹತ್ತಿರದ ಉಪಕೇಂದ್ರದಲ್ಲಿಯೇ ಮದ್ದು, ತಪ್ಪಿಸಿಕೊಂಡವರನ್ನು ಕರೆತರಲು ದಾದಿ ಮತ್ತು ಆರೋಗ್ಯ ಕಾರ್ಯಕರ್ತೆಯರು ಎಂಬ ಏರ್ಪಾಡಾಯಿತು. 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಅದಕ್ಕೆ ಸಂದಿತು. ಗ್ಲಿನ್‌ಕೊರುಗ್ ಡಾಕ್ಟರರ ಕಡತವೇ ಇಲ್ಲಿ ಬೇರೆ ಅಂಗಿ ತೊಟ್ಟು ಬಂದಿದೆಯೆನ್ನಬೇಕು.

ನಮ್ಮ ಸರಕಾರಗಳಿಗೆ ಇದು ತಿಳಿಯದೆ ಹೋಯಿತೆಂದಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ, 1946ರಲ್ಲಿ, ಸರ್ ಜೋಸೆಫ್ ಭೋರ್ ಸಮಿತಿಯು ಹಳ್ಳಿಯ ಪ್ರಾಥಮಿಕ ಕೇಂದ್ರವನ್ನೇ ಬುನಾದಿಯಾಗಿಟ್ಟುಕೊಂಡ ಆರೋಗ್ಯ ವ್ಯವಸ್ಥೆಯನ್ನು ಸೂಚಿಸಿತ್ತು. 1978ರ ಸೆಪ್ಟೆಂಬರಿನಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ-ಅಟಾದಲ್ಲಿ ಜಗತ್ತಿನ ರಾಷ್ಟ್ರಗಳು ಸೇರಿ, 2000ನೆಯ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ, ಅದಕ್ಕೆ ಪ್ರಾಥಮಿಕ ಚಿಕಿತ್ಸೆಯೇ ದಾರಿ ಎಂದು ಸಾರಿದಾಗ ಭಾರತವೂ ಸಹಿ ಹಾಕಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿಯೂ ಸರಕಾರದ ಆರೋಗ್ಯ ವೆಚ್ಚದ ಮೂರನೇ ಎರಡಂಶದಷ್ಟನ್ನು ಪ್ರಾಥಮಿಕ ಚಿಕಿತ್ಸೆಗೆ ವಿನಿಯೋಗಿಸಬೇಕೆಂದಿದೆ. ಕಾಗದಕ್ಕೆ ಬರವಿಲ್ಲ. ಆದರೆ ಜನರ ಕಣ್ಣಿಗೂ ಮತಪೆಟ್ಟಿಗೆಗೂ ಹತ್ತಿರವಾಗುವುದು ಆಸ್ಪತ್ರೆಯ ಕಾರ್ಡೇ. 2018ರ ಆಯುಷ್ಮಾನ್ ಭಾರತ ವಿಮೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಕೊಡುವುದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ನಮ್ಮ ರಾಜ್ಯದಲ್ಲಿ 2003ರಲ್ಲಿ ಆರಂಭವಾದ ಯಶಸ್ವಿನಿಯ ಕೇಂದ್ರವೂ ಶಸ್ತ್ರಚಿಕಿತ್ಸೆಯೇ. ಮಲಗದಂತೆ ನೋಡಿಕೊಳ್ಳುವ ಡಾಕ್ಟರ ಫೀಸಿಗೂ ತಿಂಗಳ ಮಾತ್ರೆಗೂ ಈ ವಿಮೆಗಳಲ್ಲಿ ಸ್ಥಾನವಿಲ್ಲ. ಅಪಘಾತಕ್ಕೀಡಾದ ಬಡವನಿಗೆ ಇವು ವರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಿದ್ದ ಮೇಲೆ ಎತ್ತುವುದಕ್ಕೆ ಲಕ್ಷಗಳಿದ್ದು, ಬೀಳದಂತೆ ಕೈಹಿಡಿಯುವುದಕ್ಕೆ ನೂರು ರೂಪಾಯಿಯೂ ಇಲ್ಲದಿರುವುದು ಎಂಥ ಗಣಿತ?

ಈಚೆಗೆ ಗಾಳಿ ಸ್ವಲ್ಪ ತಿರುಗಿದಂತಿದೆ. 2022ರ ಡಿಸೆಂಬರಿನಲ್ಲಿ ರಾಜ್ಯದ ನಗರಗಳಲ್ಲಿ 'ನಮ್ಮ ಕ್ಲಿನಿಕ್'ಗಳು ತೆರೆದವು. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಗೊಂಡ 'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆಬಾಗಿಲಿಗೆ ಬಂದು ರಕ್ತದೊತ್ತಡ, ಮಧುಮೇಹಗಳ ತಪಾಸಣೆ ನಡೆಸುವ ಕ್ರಮ ಬಂತು. ಉದ್ದೇಶ ಶ್ಲಾಘನೀಯ. ಆದರೆ ಗುತ್ತಿಗೆಯ ಮೇಲೆ ಬರುವ ತರುಣ ವೈದ್ಯರು ಸ್ನಾತಕೋತ್ತರ ಸೀಟು ಸಿಕ್ಕೊಡನೆ ಹೊರಟುಹೋಗುವುದಾದರೆ, ಕ್ಲಿನಿಕ್ಕಿನ ಹೆಸರಿನಲ್ಲಿರುವ 'ನಮ್ಮ' ಎಂಬ ಶಬ್ದಕ್ಕೆ ಅರ್ಥ ಬರುವುದು ಯಾವಾಗ? ಅವರನ್ನು ದೂರಿ ಫಲವಿಲ್ಲ. ಎಂ.ಬಿ.ಬಿ.ಎಸ್. ಮಾತ್ರ ಓದಿದವರನ್ನು ಸಮಾಜ ಅರ್ಧ ಡಾಕ್ಟರೆಂದು ಕಾಣುತ್ತದೆ, ಮದುವೆಯ ಮಾತುಕತೆಯಲ್ಲಿಯೂ 'ಎಂ.ಡಿ. ಆಗಿದೆಯೇ?' ಎಂದೇ ಕೇಳುತ್ತದೆ. ಕುಟುಂಬ ವೈದ್ಯಶಾಸ್ತ್ರವೆಂಬುದೇ ಒಂದು ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿದ್ದು, ಕಲ್ಲಿಕೋಟೆಯ ಸರಕಾರಿ ಕಾಲೇಜಿನಂಥ ಕೆಲವೇ ಕಡೆ ಅದರಲ್ಲಿ ಎಂ.ಡಿ. ಮಾಡಬಹುದೆಂಬುದು ಹೆಚ್ಚಿನ ಹೆತ್ತವರಿಗೆ ಗೊತ್ತೇ ಇಲ್ಲ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು ವೃತ್ತಿಯಲ್ಲಿರುವ ವೈದ್ಯರಿಗೆ ದೂರಶಿಕ್ಷಣದ ಮೂಲಕವೂ ಈ ವಿಷಯವನ್ನು ಕಲಿಸಿದೆ. ವೈದ್ಯಕೀಯ ವಿದ್ಯಾರ್ಥಿಗಳು ಕೆಲವು ಕುಟುಂಬಗಳನ್ನು ದತ್ತು ಪಡೆದು ಹಿಂಬಾಲಿಸಬೇಕೆಂಬ ನಿಯಮವೂ ಈಚಿನ ವರ್ಷಗಳಲ್ಲಿ ಬಂದಿದೆ. ವಿದ್ಯಾರ್ಥಿ ಪದವಿ ಪಡೆದು ಹೋದ ಮೇಲೆ ಆ ಕುಟುಂಬದ ಗತಿಯೇನೆಂಬುದನ್ನು ನಿಯಮ ಹೇಳುವುದಿಲ್ಲ.

ಸಮಯದ ಮಾತನ್ನೂ ಆಡಬೇಕು. 2017ರಲ್ಲಿ ಪ್ರಕಟವಾದ 67 ದೇಶಗಳ ತುಲನೆಯೊಂದರಲ್ಲಿ ಪ್ರಾಥಮಿಕ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನಿನಲ್ಲಿ 22 ನಿಮಿಷಕ್ಕೂ ಮೇಲೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮ ದೇಶದ್ದು ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಅಪರಿಚಿತರು ಏನನ್ನು ತಿಳಿದುಕೊಂಡಾರು? ಆದರೆ ಇಪ್ಪತ್ತು ವರ್ಷದಿಂದ ಬಲ್ಲವರಿಗೆ ಎರಡು ನಿಮಿಷವೂ ಎಷ್ಟೋ ಸಾಲುತ್ತದೆ. ಬಡ ದೇಶಕ್ಕೇ ಪರಿಚಯದ ವೈದ್ಯರ ಅಗತ್ಯ ಹೆಚ್ಚು ಎಂಬುದು ಇದರಿಂದ ಸ್ಪಷ್ಟ.

ಇನ್ನು ನಮ್ಮ ಮನೆಯೊಳಗಿನ ಮಾತು. ಆರೋಗ್ಯ ಕ್ಷೇತ್ರದಲ್ಲಿ ಕ್ರೈಸ್ತರ ಸೇವೆಯ ಬಗ್ಗೆ ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಮಾತನಾಡುತ್ತೇವೆ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಸೇವೆ ಮೊದಲಾದದ್ದು ಹೇಗೆ? ಕಂಕನಾಡಿಯಲ್ಲಿ 1880ರಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಆಲದ ಮರದಡಿಯಲ್ಲಿ ಹೋಮಿಯೋಪತಿ ಮದ್ದಿನ ಪೆಟ್ಟಿಗೆಯೊಡನೆ ಬಡವರಿಗೆ ಮದ್ದು ಕೊಡತೊಡಗಿದ್ದರಿಂದ. ಆಂಧ್ರದ ಗುಂಟೂರಿಗೆ 1920ರಲ್ಲಿ ಬಂದ ಆಸ್ಟ್ರೇಲಿಯದ ವೈದ್ಯೆ, ಧರ್ಮಭಗಿನಿ ಮೇರಿ ಗ್ಲೋರಿ, ಸಣ್ಣ ಔಷಧಾಲಯದಿಂದಲೇ ಸಾವಿರಾರು ಸ್ತ್ರೀಯರನ್ನೂ ಮಕ್ಕಳನ್ನೂ ಉಪಚರಿಸಿದರು; ಇಂದಿನ ಕಥೋಲಿಕ ಆರೋಗ್ಯ ಸಂಘವನ್ನು 1943ರಲ್ಲಿ ಸ್ಥಾಪಿಸಿದವರೂ ಅವರೇ. ಮಹಾರಾಷ್ಟ್ರದ ಜಾಮ್‌ಖೇಡಿನಲ್ಲಿ 1970ರಲ್ಲಿ ನೆಲೆನಿಂತ ಡಾ. ರಜನಿಕಾಂತ ಆರೊಳೆ ಮತ್ತು ಡಾ. ಮೇಬಲ್ ಆರೊಳೆ ದಂಪತಿಗಳು ಅಕ್ಷರ ಬಾರದ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿ ಜಗತ್ತೇ ನೋಡಲು ಬರುವಂತೆ ಮಾಡಿದರು. ಇವರಾರೂ ಕಟ್ಟಡದಿಂದ ಆರಂಭಿಸಲಿಲ್ಲ.

ನಮ್ಮ ಬಾಲ್ಯದಲ್ಲಿ ಕರಾವಳಿಯ ಎಷ್ಟೋ ಕಾನ್ವೆಂಟುಗಳ ಬದಿಯಲ್ಲಿ ಒಂದು ಸಣ್ಣ ದವಾಖಾನೆ ಇರುತ್ತಿತ್ತು. ಜಾತಿ ಮತ ಕೇಳದೆ ಗಾಯಕ್ಕೆ ಪಟ್ಟಿ ಕಟ್ಟುವ, ಬಾಣಂತಿಯ ಮನೆಗೆ ಕೊಡೆ ಹಿಡಿದು ನಡೆದು ಹೋಗುವ ಸಿಸ್ಟರರಿದ್ದರು. ಅವುಗಳಲ್ಲಿ ಎಷ್ಟು ಬಾಗಿಲು ಮುಚ್ಚಿವೆ, ಎಷ್ಟು ಕಡೆ ಆ ಕೋಣೆ ಶಾಲೆಯ ಕಚೇರಿಯಾಗಿದೆ ಎಂಬುದನ್ನು ಆಯಾ ಊರಿನವರೇ ಬಲ್ಲರು. ದೈವಕರೆಗಳು ಕಡಿಮೆಯಾಗಿವೆ, ಕಾನೂನಿನ ಕಟ್ಟುಪಾಡುಗಳು ಹೆಚ್ಚಿವೆ, ದೊಡ್ಡ ಆಸ್ಪತ್ರೆ ನಡೆಸಲು ಕೋಟಿಗಟ್ಟಲೆ ಬೇಕು ಎಂಬುದೆಲ್ಲ ನಿಜ. ಆದರೂ ನಮ್ಮ ಸಂಸ್ಥೆಗಳು ಹೊಸ ಯಂತ್ರದ ಉದ್ಘಾಟನೆಗೆ ಧರ್ಮಾಧ್ಯಕ್ಷರನ್ನು ಕರೆಯುವಷ್ಟೇ ಉತ್ಸಾಹದಿಂದ, ನಾಲ್ಕು ಧರ್ಮಕೇಂದ್ರಗಳಿಗೆ ಸೇರಿ ಹತ್ತು ವರ್ಷ ಕದಲದೆ ನಿಲ್ಲುವ ಒಬ್ಬ ಕುಟುಂಬ ವೈದ್ಯರನ್ನೂ ಇಬ್ಬರು ದಾದಿಯರನ್ನೂ ನೇಮಿಸುವ ಯೋಜನೆಗೆ ಏಕೆ ಮುಂದಾಗಬಾರದು? ಬೆಂಗಳೂರಿನ ಸಂತ ಜೋನರ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು ಗ್ರಾಮೀಣ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುವ ಪರಿಪಾಠವಿದೆ. ಅವರಲ್ಲಿ ಅವಧಿ ಮುಗಿದ ಮೇಲೂ ನಿಲ್ಲಲು ಮನಸ್ಸಿರುವವರಿಗೆ ಒಳ್ಳೆಯ ಸಂಬಳ, ವಾಸಕ್ಕೆ ಮನೆ, ಮಕ್ಕಳಿಗೆ ನಮ್ಮದೇ ಶಾಲೆಯಲ್ಲಿ ಜಾಗ ಕೊಟ್ಟರೆ ನಿಲ್ಲುವವರು ಖಂಡಿತ ಸಿಗುತ್ತಾರೆ. ತ್ಯಾಗದ ಹೆಸರಿನಲ್ಲಿ ಅರ್ಧ ಸಂಬಳಕ್ಕೆ ದುಡಿಸುವ ಹಳೆಯ ಚಾಳಿ ಮಾತ್ರ ಇಲ್ಲಿ ನಡೆಯದು.

ತಪ್ಪು ಸಂಸ್ಥೆಗಳದ್ದೊಂದೇ ಅಲ್ಲ. ತಲೆನೋವಿಗೆ ನೇರವಾಗಿ ನರತಜ್ಞರ ಬಳಿಗೆ, ಎದೆಯುರಿಗೆ ಹೃದಯ ತಜ್ಞರ ಬಳಿಗೆ ಓಡುವವರು ನಾವೇ. ಸ್ಕ್ಯಾನಿಂಗ್ ಬರೆಯದ ಡಾಕ್ಟರಿಗೆ ಏನೂ ಗೊತ್ತಿಲ್ಲವೆಂದು ಆಡಿಕೊಳ್ಳುವವರೂ ನಾವೇ. 'ಮದ್ದು ಬೇಡ, ಎರಡು ದಿನ ಕಾದು ನೋಡಿ' ಎಂದ ವೈದ್ಯರಿಗೆ ಇನ್ನೂರು ರೂಪಾಯಿ ಫೀಸು ಕೊಡುವಾಗ ಮುಖ ಸಿಂಡರಿಸಿ, ಅದೇ ವಾರ ಪ್ರಯೋಗಾಲಯಕ್ಕೆ ನಾಲ್ಕು ಸಾವಿರವನ್ನು ಎಣಿಸಿ ಕೊಟ್ಟು ಬರುತ್ತೇವೆ. ದುಬೈಯಲ್ಲಿರುವ ಮಕ್ಕಳು ತಂದೆತಾಯಿಯರ ಮೇಲಿನ ಪ್ರೀತಿಗೆ ವರ್ಷಕ್ಕೊಮ್ಮೆ ದೊಡ್ಡ ಆಸ್ಪತ್ರೆಯ 'ಪೂರ್ಣ ತಪಾಸಣೆ'ಯ ಹಣ ಕಳುಹಿಸುತ್ತಾರೆ. ಆ ಹಣದ ಅರ್ಧಭಾಗದಲ್ಲಿ ಊರಿನ ಒಬ್ಬ ಒಳ್ಳೆಯ ವೈದ್ಯರನ್ನು ತಿಂಗಳಿಗೊಮ್ಮೆ ಮನೆಗೆ ಬಂದು ನೋಡುವಂತೆ ಕೇಳಿಕೊಳ್ಳಬಹುದೆಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ತಜ್ಞರು ಬೇಡವೆಂದು ಯಾರೂ ಹೇಳುವುದಿಲ್ಲ. ಯಾವ ತಜ್ಞರು, ಯಾವಾಗ ಎಂಬುದನ್ನು ಹೇಳುವವರು ಒಬ್ಬರಿರಲಿ; ತಜ್ಞರು ಬರೆದದ್ದು ಮರಳಿ ಅವರ ಕೈಗೇ ಬರಲಿ.

ನಾವು ಮೇಲೆ ಹೇಳಿದ ಹಿರಿಯರು ಈಗ ಊರುಗೋಲಿನ ಆಸರೆಯಲ್ಲಿ ಅಂಗಳದವರೆಗೆ ನಡೆಯುತ್ತಾರೆ. ಆ ಧರ್ಮಭಗಿನಿ ಶಾಲೆಯ ಮಕ್ಕಳ ನೂರು ಪುಟದ ಪುಸ್ತಕವೊಂದನ್ನು ತಂದು, ಎಲ್ಲ ಮದ್ದುಗಳ ಹೆಸರು, ಪ್ರಮಾಣ, ಬರೆದವರ ಹೆಸರುಗಳನ್ನು ಅದರಲ್ಲಿ ಬರೆದುಕೊಟ್ಟರು. ಅದನ್ನು ಹಿಡಿದು ಪೇಟೆಯ ಹಳೆಯ ಡಾಕ್ಟರೊಬ್ಬರ ಬಳಿಗೆ ಹೋದಾಗ, ಅವರು ಆ ಮೂವರು ತಜ್ಞರಿಗೂ ಫೋನು ಮಾಡಿ ಮಾತನಾಡಿ, ಹನ್ನೊಂದು ಮದ್ದುಗಳನ್ನು ಆರಕ್ಕೆ ಇಳಿಸಿದರು. ಒಂದು ಗಂಟೆಯ ಕೆಲಸ. ಇನ್ನೂರೈವತ್ತು ರೂಪಾಯಿ ತೆಗೆದುಕೊಂಡರು. ಈ ಡಾಕ್ಟರಿಗೆ ಎಪ್ಪತ್ತೊಂದು ವರ್ಷ. ಮಗಳೂ ವೈದ್ಯೆ, ಚರ್ಮರೋಗ ತಜ್ಞೆ, ಬೆಂಗಳೂರಿನಲ್ಲಿದ್ದಾರೆ. ಕ್ಲಿನಿಕ್ಕಿನ ಕೋಣೆಯನ್ನು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಡಿರೆಂದು ಈಗಾಗಲೇ ಇಬ್ಬರು ಬಂದು ಕೇಳಿ ಹೋಗಿದ್ದಾರಂತೆ.